ಹೊಲದಲ್ಲಿ ಸಿಕ್ಕ ಗೊಂಬೆ

ನಮ್ಮ ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆಯುವವರ ಮನೆಗಳಲ್ಲಿ ಎರಡು ಇಂಗ್ಲಿಷ್ ಮಾತುಗಳು ಅಕ್ಷರ ಬಾರದ ಅಜ್ಜಿಯರ ಬಾಯಲ್ಲೂ ಸಲೀಸಾಗಿ ಓಡಾಡುತ್ತವೆ. ಒಂದು ‘ಗ್ರೇಡ್’, ಇನ್ನೊಂದು ‘ನೋ ಬಿಡ್’. ಬೆಂಕಿಯ ಕಾವಿನಲ್ಲಿ ತಂಬಾಕು ಒಣಗಿಸುವ ಬ್ಯಾರನ್ನಿನಿಂದ ಇಳಿಸಿದ ಸೊಪ್ಪನ್ನು ಬಣ್ಣ, ದಪ್ಪ, ಕಲೆ ನೋಡಿ ಬೇರೆ ಬೇರೆ ಗುಡ್ಡೆ ಹಾಕುವುದು ಗ್ರೇಡ್. ಹಾಗೆ ಹಾಕಿ, ಬೇಲು ಕಟ್ಟಿ ಹರಾಜಿಗೆ ಒಯ್ದಾಗ ಒಬ್ಬ ವ್ಯಾಪಾರಿಯೂ ಬೆಲೆ ಹೇಳದೆ ಮುಂದಿನ ಬೇಲಿಗೆ ನಡೆದುಬಿಟ್ಟರೆ ಅದು ನೋ ಬಿಡ್. ಆ ಬೇಲನ್ನು ಮತ್ತೆ ಗಾಡಿಗೆ ಹೇರಿಕೊಂಡು ಮನೆಗೆ ತರಬೇಕು.

ನನಗಾಗ ಹತ್ತು ವರ್ಷ. ಒಂದು ಸಂಜೆ ಅಪ್ಪ ಅಂಥದೊಂದು ಬೇಲನ್ನು ತಂದು ನಡುಮನೆಯಲ್ಲಿ ಇಳಿಸಿದರು. ಯಾರ ಮೇಲೂ ಸಿಟ್ಟಾಗಲಿಲ್ಲ. ಕೈಕಾಲು ತೊಳೆದು, ಉಣ್ಣದೆ ಮಲಗಿದರು. ಆ ಬೇಲಿನ ಎಷ್ಟೋ ಎಲೆಗಳನ್ನು ನಾನೇ ಬಿಡಿಸಿ ನೀವಿ ಇಟ್ಟಿದ್ದೆ. ಕತ್ತಲಲ್ಲಿ ಅದರ ಪಕ್ಕ ಕೂತು ಚೀಲದ ಮೇಲೆ ಕೈಯಿಟ್ಟಾಗ ನನಗೆ ಬಂದ ಯೋಚನೆ ಇವತ್ತಿಗೂ ನೆನಪಿದೆ: ಸೊಪ್ಪಿಗೆ ಮಾತ್ರವಲ್ಲ, ಮನುಷ್ಯರಿಗೂ ಗ್ರೇಡ್ ಇರುತ್ತದೆ, ನನ್ನದು ಯಾವುದು ಅಂತ ನನಗೆ ಗೊತ್ತು.

ಗೊತ್ತಾದದ್ದು ಶಾಲೆಯಲ್ಲಿ. ನನಗೆ ಮಾತು ತೊದಲುತ್ತಿತ್ತು. ಹ, ಲ, ಸ ಇವು ನನ್ನನ್ನು ಕಾಡುತ್ತಿರಲಿಲ್ಲ. ಪ, ಬ, ಕ ಬಂದರೆ ತುಟಿ ಅಂಟಿಕೊಳ್ಳುತ್ತಿತ್ತು, ಗಂಟಲು ಕಟ್ಟುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಮಾತೇನೋ ನಾಲಗೆಯ ಹಿಂದೆಯೇ ತಯಾರಾಗಿ ನಿಂತಿರುತ್ತಿತ್ತು; ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಒಂದು ದಿನ ಕನ್ನಡ ಪಾಠ ಓದಲು ನನ್ನನ್ನು ಎಬ್ಬಿಸಿದ ಮೇಷ್ಟರು ಸ್ವಲ್ಪ ಹೊತ್ತು ನೋಡಿ, “ಕೂತ್ಕೋ, ನೀನು ಮುಗಿಸೋ ಹೊತ್ತಿಗೆ ಗಂಟೆ ಹೊಡೀತಾರೆ” ಅಂದರು. ತರಗತಿ ನಕ್ಕಿತು. ಅವರು ಕೆಟ್ಟವರಲ್ಲ, ಅವರಿಗೆ ಪಾಠ ಮುಗಿಸುವ ಅವಸರವಿತ್ತು. ಆದರೆ ಅವತ್ತು ಕೂತವನು ಬಹಳ ವರ್ಷ ಏಳಲಿಲ್ಲ.

ತನ್ನ ಮೇಲೆ ತನಗೇ ಇರುವ ಅಪನಂಬಿಕೆ ಎದ್ದು ಕಾಣುವ ರೋಗವಲ್ಲ. ಅದು ದಿನದ ಸಣ್ಣ ಸಣ್ಣ ವ್ಯವಹಾರಗಳ ಒಳಗೆ ಹೊಕ್ಕು ಕೂರುತ್ತದೆ. ಮೈಸೂರಿನಲ್ಲಿ ಕಾಲೇಜು ಓದುವಾಗ ಊರಿಗೆ ಬರಲು ಬಸ್ಸು ಹತ್ತಿದರೆ ‘ಪಿರಿಯಾಪಟ್ಟಣ’ ಅನ್ನಲು ನನ್ನಿಂದ ಆಗುತ್ತಿರಲಿಲ್ಲ. ‘ಹುಣಸೂರು’ ಉಸಿರಿನ ಜೊತೆಯೇ ಬರುತ್ತಿತ್ತು. ಹಾಗಾಗಿ ಹುಣಸೂರಿಗೆ ಟಿಕೆಟ್ ತೆಗೆದುಕೊಂಡು ಅಲ್ಲಿ ಇಳಿಯುತ್ತಿದ್ದೆ. ಪಿರಿಯಾಪಟ್ಟಣದಲ್ಲೇ ನಿಲ್ಲುವ ಬಸ್ಸಿಗೆ ಕಾದು, ಅದನ್ನು ಹತ್ತಿ, ಕಂಡಕ್ಟರು ಬಂದಾಗ ‘ಲಾಸ್ಟ್’ ಅನ್ನುತ್ತಿದ್ದೆ. ಒಂದು ಅಕ್ಷರದ ಭಯಕ್ಕೆ ನಾನು ಹುಣಸೂರಿನ ನಿಲ್ದಾಣದಲ್ಲಿ ಕಳೆದ ಗಂಟೆಗಳನ್ನು ಲೆಕ್ಕ ಹಾಕಿದರೆ ಎಷ್ಟೋ ದಿನಗಳಾಗುತ್ತವೆ. ಸ್ವಂತ ಊರಿನ ಹೆಸರನ್ನು ಬಾಯಿಬಿಟ್ಟು ಹೇಳಲಾರದವನಿಗೆ ತಾನು ಯಾರು ಅಂತ ಹೇಳಲು ಧೈರ್ಯ ಎಲ್ಲಿಂದ ಬರಬೇಕು?

ಒಂದು ಹೊತ್ತಿನಲ್ಲಿ ಮಾತ್ರ ನನ್ನ ನಾಲಗೆಗೆ ಬಿಡುಗಡೆ ಇತ್ತು. ಬ್ಯಾರನ್ನಿಗೆ ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಅದನ್ನು ಕಾಯಬೇಕು. ಕಾವು ಹೆಚ್ಚುಕಡಿಮೆಯಾದರೆ ಸೊಪ್ಪಿನ ಬಣ್ಣ ಕೆಡುತ್ತದೆ. ಅಪ್ಪ ಒಲೆಗೆ ಸೌದೆ ತಳ್ಳುತ್ತಾ ಕೂತಾಗ ಅಜ್ಜಿ ಕಂಬಳಿ ಹೊದ್ದು ಪಕ್ಕದಲ್ಲಿ ಜಪಸರ ಹಿಡಿಯುತ್ತಿದ್ದಳು. ನಾವೆಲ್ಲ ಒಟ್ಟಿಗೆ ದನಿಗೂಡಿಸುತ್ತಿದ್ದೆವು. ಹತ್ತರ ಮೇಲೆ ಹತ್ತು, ಐವತ್ತು ನಮೋ ಮರಿಯ ಪ್ರಾರ್ಥನೆಗಳಲ್ಲಿ ನನ್ನ ಮಾತು ಒಂದು ಸಲವೂ ತಡೆಯುತ್ತಿರಲಿಲ್ಲ. ಹಲವರ ಜೊತೆ ಒಂದೇ ಲಯದಲ್ಲಿ ಹೇಳುವಾಗ ತೊದಲು ಮಾಯವಾಗುತ್ತದೆ ಎಂಬುದು ವಾಕ್ ಚಿಕಿತ್ಸಕರೆಲ್ಲ ಬಲ್ಲ ಸಂಗತಿ. ಅದನ್ನು ಮುಂದೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋದಾಗ ತಿಳಿದುಕೊಂಡೆ. ಉಸಿರು ಬಿಡುತ್ತಾ ಮಾತು ಆರಂಭಿಸುವುದನ್ನು, ತುಟಿಯನ್ನು ಮೆತ್ತಗೆ ಮುಟ್ಟಿಸುವುದನ್ನು ಅಲ್ಲಿ ಹೇಳಿಕೊಟ್ಟರು. ಅದರಿಂದ ತುಂಬ ಉಪಕಾರವಾಯಿತು. ಆ ಉಪಕಾರವನ್ನೂ ದೇವರ ಕೈಯಿಂದಲೇ ಬಂದದ್ದೆಂದು ತಿಳಿದಿದ್ದೇನೆ. ಆದರೆ ಹುಡುಗನಾಗಿದ್ದಾಗ ಬ್ಯಾರನ್ನಿನ ಬಾಯಲ್ಲಿ ಕೂತು ನನಗನ್ನಿಸಿದ್ದು ಇಷ್ಟೇ: ಇಲ್ಲಿ ನನ್ನ ದನಿಯನ್ನು ಯಾರೂ ತೂಗುತ್ತಿಲ್ಲ. ಇಲ್ಲಿ ನಾನು ಇದ್ದರೆ ಸಾಕು.

ಆ ಅಜ್ಜಿಯ ತವರು ಕೆ.ಆರ್. ನಗರದ ಕಡೆ. ವರ್ಷಕ್ಕೆ ಒಂದೆರಡು ಸಲ, ಸಂತ ಅಂತೋಣಿಯವರ ದಿನವಾದ ಮಂಗಳವಾರ ನೋಡಿಕೊಂಡು, ನನ್ನನ್ನು ಡೋರ್ನಹಳ್ಳಿಗೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿನ ಸಂತ ಅಂತೋಣಿಯವರ ದೇವಾಲಯವನ್ನು 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಬೆಸಿಲಿಕಾ ಪದವಿಗೆ ಏರಿಸಿದ ಮೇಲೆ ದೂರದೂರದವರಿಗೂ ಹೆಸರು ಗೊತ್ತಾಗಿದೆ. ನಮ್ಮ ನಾಲ್ಕು ತಾಲ್ಲೂಕಿನವರಿಗೆ ಅದು ಎಂದಿನಿಂದಲೂ ‘ಅಂತೋಣಪ್ಪನ ಗುಡಿ’. ಜೂನ್ 13ರ ಹಬ್ಬಕ್ಕೆ ನಮ್ಮ ಕ್ರೈಸ್ತರಷ್ಟೇ ಬರುವುದಿಲ್ಲ. ಮುಂಗಾರಿನ ಹೊಲ ಬಿಟ್ಟು ಗೌಡರು, ನಾಯಕರು, ಶೆಟ್ಟರು, ಸಾಬರು ಎಲ್ಲರೂ ಬರುತ್ತಾರೆ. ಕಳೆದುಕೊಂಡದ್ದನ್ನು ಹುಡುಕಿಕೊಡುವ ಸಂತ ಅವರು. ದಾರಿ ತಪ್ಪಿದ ದನ, ಕೈಬಿಟ್ಟುಹೋದ ಒಡವೆ, ಮನೆ ಬಿಟ್ಟು ಹೋದ ಮಗ, ಇಂಥ ಎಷ್ಟೋ ಹರಕೆಗಳು ಅಲ್ಲಿನ ಮೇಣದಬತ್ತಿಗಳಲ್ಲಿ ಉರಿಯುತ್ತವೆ.

ಒಂದು ಮಂಗಳವಾರ ಅಜ್ಜಿ ನನ್ನನ್ನು ಅಂಗಳದ ನೆರಳಲ್ಲಿ ಕೂರಿಸಿಕೊಂಡು ಅಲ್ಲಿನ ಕಥೆ ಹೇಳಿದಳು. ನಮ್ಮ ಕಡೆ ಎಲ್ಲರೂ ಹೇಳುವ ಕಥೆಯೇ. ಬಹಳ ಹಿಂದೆ ಒಬ್ಬ ರೈತ ಹೊಲ ಉಳುತ್ತಿದ್ದ. ನೇಗಿಲಿಗೆ ಏನೋ ತಗುಲಿತು. ಮಣ್ಣು ಕೆದಕಿ ನೋಡಿದರೆ ಒಂದು ಪ್ರತಿಮೆ. ಯಾವುದೋ ಗೊಂಬೆ ಅಂದುಕೊಂಡು ಮನೆಗೆ ತಂದು ಮಕ್ಕಳಿಗೆ ಆಡಲು ಕೊಟ್ಟ. ಮಕ್ಕಳು ಅದನ್ನು ಅಂಗಳದಲ್ಲಿ ಎಳೆದಾಡಿದರು, ಮಣ್ಣಲ್ಲಿ ಹೊರಳಿಸಿದರು. ಆಮೇಲೆ ರೈತನ ಕನಸಿನಲ್ಲಿ ಒಬ್ಬ ಸನ್ಯಾಸಿ ಬಂದು, ತನ್ನನ್ನು ಹೀಗೆ ಬಿಡಬೇಡ, ತನಗೊಂದು ನೆಲೆ ಮಾಡಿಕೊಡು ಅಂದರಂತೆ. ಅದು ಸಂತ ಅಂತೋಣಿಯವರ ಪ್ರತಿಮೆ ಎಂದು ತಿಳಿದ ಮೇಲೆ ಪುಟ್ಟದೊಂದು ಗುಡಿ ಎದ್ದಿತು.

ಕಥೆ ಮುಗಿದ ಮೇಲೆ ಅಜ್ಜಿ ಸುಮ್ಮನಾಗಲಿಲ್ಲ. ನನ್ನ ತಲೆ ನೇವರಿಸಿ ಹೇಳಿದಳು: “ಮಣ್ಣೊಳಗಿದ್ದಾಗ್ಲೂ ಅವರು ಅಂತೋಣಪ್ಪನೋರೇ ಕಣ್ ಮಗ. ಮಕ್ಕಳು ಎಳೆದಾಡ್ತಿದ್ದಾಗ್ಲೂ ಅವರೇ. ಯಾರ್ಗೂ ಗೊತ್ತಿರ್ನಿಲ್ಲ, ಅಷ್ಟೆ.”

ಶಾಲೆಯಲ್ಲಿ ನಡೆದದ್ದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಅವಳಿಗೆ ಹೇಗೆ ಗೊತ್ತಾಯಿತೋ, ಗೊತ್ತಾಗಿತ್ತು. ಅವಳು ನನ್ನ ತೊದಲಿನ ಸುದ್ದಿ ಎತ್ತಲಿಲ್ಲ. ‘ನೀನು ಯಾರಿಗೂ ಕಡಿಮೆಯಿಲ್ಲ’ ಅಂತ ಬೆನ್ನು ತಟ್ಟಲಿಲ್ಲ. ಹೊಲದಲ್ಲಿ ಸಿಕ್ಕ ಗೊಂಬೆಯ ಕಥೆ ಹೇಳಿ, ಪ್ರಸಾದದ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು.

ಕಾಲೇಜಿನ ದಿನಗಳಲ್ಲಿ ನಾನು ಬೇರೆ ದಾರಿಯನ್ನೂ ಹಿಡಿದು ನೋಡಿದೆ. ವ್ಯಕ್ತಿತ್ವ ವಿಕಸನದ ಪುಸ್ತಕಗಳು ಹೇಳಿದಂತೆ ಕನ್ನಡಿಯ ಮುಂದೆ ನಿಂತು ‘ನಾನು ಸಮರ್ಥ, ನಾನು ಗೆಲ್ಲುತ್ತೇನೆ’ ಅಂದುಕೊಂಡೆ. ಅದರಿಂದ ಗೆದ್ದವರೂ ಇದ್ದಾರೆ, ಅವರನ್ನು ಅಲ್ಲಗಳೆಯುವುದಿಲ್ಲ. ನನಗೆ ಮಾತ್ರ ಆ ಮಾತು ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಸವೆದುಹೋಗುತ್ತಿತ್ತು. ತನ್ನ ಹೆಗಲನ್ನು ತಾನೇ ಏರಿ ನಿಲ್ಲಲು ಆಗುತ್ತದೆಯೇ? ನನಗೆ ಬೆಲೆ ಕಟ್ಟುವವನೂ ನಾನೇ, ಆ ಬೆಲೆಯನ್ನು ನಂಬಬೇಕಾದವನೂ ನಾನೇ ಆದರೆ ಹರಾಜು ಮುಗಿಯುವುದೇ ಇಲ್ಲ.

ಆ ದಿನಗಳಲ್ಲೇ ಸಂತ ಅಂತೋಣಿಯವರ ಚರಿತ್ರೆ ಓದಿದೆ. ಕೈಯಲ್ಲಿ ಬಾಲಯೇಸು, ಲಿಲ್ಲಿ ಹೂವು ಹಿಡಿದ ಚಿತ್ರವಷ್ಟೇ ನನಗೆ ಗೊತ್ತಿದ್ದದ್ದು. ಅವರು 1195ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಹುಟ್ಟಿದವರು. ಮೊದಲ ಹೆಸರು ಫೆರ್ನಾಂಡೊ. ಫ್ರಾನ್ಸಿಸ್ಕನ್ ಸಭೆ ಸೇರಿ, ಧರ್ಮಕ್ಕಾಗಿ ಪ್ರಾಣ ಕೊಡುವ ಆಸೆಯಿಂದ ಮೊರಾಕೊಗೆ ಹೋದರು. ಅಲ್ಲಿ ಕಾಯಿಲೆ ಬಿದ್ದರು. ಊರಿಗೆ ಮರಳೋಣವೆಂದರೆ ಬಿರುಗಾಳಿ ಹಡಗನ್ನು ಸಿಸಿಲಿಗೆ ಒಯ್ದು ಮುಟ್ಟಿಸಿತು. ಅಂದುಕೊಂಡದ್ದು ಒಂದೂ ಆಗಲಿಲ್ಲ. 1221ರಲ್ಲಿ ಅಸ್ಸಿಸಿಯಲ್ಲಿ ನಡೆದ ಫ್ರಾನ್ಸಿಸ್ಕನ್ನರ ಮಹಾಸಭೆಗೆ ಹೋದರು. ಸಭೆ ಮುಗಿದು ಸೋದರರು ತಂತಮ್ಮ ಪ್ರಾಂತ್ಯದವರ ಜೊತೆ ಹೊರಟಾಗ ಈ ಬಡಕಲು ಪರದೇಶಿಯನ್ನು ತಮ್ಮ ಜೊತೆ ಬಾ ಅನ್ನುವವರು ಇರಲಿಲ್ಲ.

ಆ ಸಾಲನ್ನು ಓದಿದಾಗ ಪುಸ್ತಕ ಕೆಳಗಿಟ್ಟೆ. ನಡುಮನೆಯಲ್ಲಿ ಅಪ್ಪ ಇಳಿಸಿದ ಬೇಲು ಕಣ್ಣಿಗೆ ಬಂತು. ಜಗತ್ತಿನ ಇಷ್ಟೊಂದು ಜನ ಹೆಸರು ಹಿಡಿದು ಕೂಗುವ ಈ ಸಂತರೂ ಒಂದು ದಿನ ಯಾರಿಗೂ ಬೇಡವಾಗಿ ನಿಂತಿದ್ದರು.

ಕೊನೆಗೆ ಒಬ್ಬ ಹಿರಿಯರು ಕರೆದುಕೊಂಡು ಹೋದರು. ಮೊಂತೆಪಾವೊಲೊ ಎಂಬ ಗುಡ್ಡದ ಆಶ್ರಮದಲ್ಲಿ ಅಂತೋಣಿ ಪಾತ್ರೆ ತೊಳೆದರು, ಕಸ ಗುಡಿಸಿದರು, ಪ್ರಾರ್ಥನೆ ಮಾಡಿದರು. ಅವರು ಎಷ್ಟು ಓದಿದವರು ಎಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. 1222ರಲ್ಲಿ ಫೋರ್ಲಿ ಎಂಬಲ್ಲಿ ಗುರುದೀಕ್ಷೆಯ ಸಮಾರಂಭ. ಪ್ರಸಂಗ ಮಾಡಲು ಯಾರೂ ಸಿದ್ಧರಾಗಿ ಬಂದಿರಲಿಲ್ಲ. ಒಬ್ಬೊಬ್ಬರೂ ಹಿಂಜರಿದಾಗ ಹಿರಿಯರು ಅಂತೋಣಿಯವರ ಕಡೆ ತಿರುಗಿ, ಪವಿತ್ರಾತ್ಮರು ನುಡಿಸಿದಷ್ಟು ಹೇಳು ಅಂದರು. ಅವರು ಮೆಲ್ಲಗೆ ಆರಂಭಿಸಿದರು. ಮುಗಿಸುವಷ್ಟರಲ್ಲಿ ಸಭೆ ಬೆರಗಾಗಿತ್ತು. ಮುಂದಿನ ಒಂಬತ್ತು ವರ್ಷ ಇಟಲಿ, ಫ್ರಾನ್ಸುಗಳಲ್ಲಿ ಆ ದನಿ ಕೇಳಲು ಜನ ಮೈದಾನ ತುಂಬಿದರು. 1231ರ ಜೂನ್ 13ರಂದು ತೀರಿಕೊಂಡಾಗ ವಯಸ್ಸು ಮೂವತ್ತಾರರ ಆಸುಪಾಸು. ಒಂದು ವರ್ಷ ತುಂಬುವ ಮೊದಲೇ ಸಂತ ಪದವಿ ಬಂತು. 1263ರಲ್ಲಿ ಸಮಾಧಿ ತೆರೆದಾಗ ದೇಹ ಮಣ್ಣಾಗಿತ್ತು, ನಾಲಗೆ ಮಾತ್ರ ಹಾಗೇ ಉಳಿದಿತ್ತು ಎನ್ನುತ್ತದೆ ಚರಿತ್ರೆ. ಪಾದುವಾದ ಬೆಸಿಲಿಕಾದಲ್ಲಿ ಅದನ್ನು ಇಂದಿಗೂ ಕಾಪಾಡಿದ್ದಾರೆ.

ನಾಲಗೆ! ಎಷ್ಟು ವರ್ಷ ಅಜ್ಜಿಯ ಕೈ ಹಿಡಿದು ಆ ಸಂತರ ಮುಂದೆ ಮೊಣಕಾಲೂರಿದ್ದೆ; ನಾನು ಕಳೆದುಕೊಂಡದ್ದು ಯಾವುದೋ ಅದೇ ಅವರ ಗುರುತಾಗಿತ್ತು ಎಂಬುದು ನನಗೆ ಆವರೆಗೆ ತಿಳಿದಿರಲಿಲ್ಲ.

ಆಮೇಲೆ ಬೈಬಲ್ಲನ್ನೂ ಬೇರೆ ಕಣ್ಣಿನಿಂದ ಓದತೊಡಗಿದೆ. ಅಲ್ಲಿ ದೇವರು ಕರೆದವರಲ್ಲಿ ಎಷ್ಟೋ ಮಂದಿ ‘ನನ್ನಿಂದಾಗದು’ ಅಂದವರೇ. ಮೋಶೆ ತನ್ನ ನಾಲಗೆ ಮಂದ ಎಂದು ತಪ್ಪಿಸಿಕೊಳ್ಳಲು ನೋಡಿದ. ದೇವರು ಅವನ ನಾಲಗೆಯನ್ನು ಸರಿಮಾಡಲಿಲ್ಲ. ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು. ಯೆರೆಮೀಯ ತಾನಿನ್ನೂ ಹುಡುಗ ಅಂದ. ಗಿದ್ಯೋನನಂತೂ ಶತ್ರುಗಳಿಗೆ ಹೆದರಿ, ಬಯಲಲ್ಲಿ ಕಣ ಮಾಡುವುದು ಬಿಟ್ಟು, ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಅಡಗಿ ಗೋಧಿ ಬಡಿಯುತ್ತಿದ್ದ. ಆ ಸ್ಥಿತಿಯಲ್ಲಿದ್ದವನನ್ನು ದೇವದೂತ ಕರೆದದ್ದು ಶೂರನೇ ಎಂದು. ಅವನು ಆವರೆಗೆ ಶೌರ್ಯದ ಕೆಲಸ ಒಂದನ್ನೂ ಮಾಡಿರಲಿಲ್ಲ. ಮೊದಲು ಹೆಸರು ಬಂತು, ಧೈರ್ಯ ಆ ಹೆಸರನ್ನು ಹಿಂಬಾಲಿಸಿಕೊಂಡು ಬಂತು. ನಾವು ಲೋಕದಲ್ಲಿ ಕಾಣುವ ಕ್ರಮ ಇದಕ್ಕೆ ತಿರುಗುಮುರುಗು: ಮೊದಲು ಮಾಡಿ ತೋರಿಸು, ಆಮೇಲೆ ಹೆಸರು.

ಹೆಸರಿನ ಮಾತು ಬಂದಾಗ ನಮ್ಮ ಹಿರಿಯರ ಹೆಸರುಗಳು ನೆನಪಾಗುತ್ತವೆ. ರಾಯಪ್ಪ, ಚಿನ್ನಪ್ಪ, ಇನ್ನಾಸಪ್ಪ, ಸವರಪ್ಪ. ಹೊರಗಿನವರಿಗೆ ಇವು ಹಳ್ಳಿಯ ಹೆಸರುಗಳು. ಒಳಗೆ ನೋಡಿದರೆ ರಾಯಪ್ಪ ಎಂದರೆ ಸಂತ ಪೇತ್ರರು, ಇನ್ನಾಸಪ್ಪ ಎಂದರೆ ಇಗ್ನೇಷಿಯಸರು, ಚಿನ್ನಪ್ಪ ಎಂದರೆ ಸಂತ ಪೌಲರು. ಲ್ಯಾಟಿನ್ನಿನಲ್ಲಿ ಪೌಲ ಎಂದರೆ ಚಿಕ್ಕವನು. ತಮಿಳಿನಲ್ಲಿ ಅದು ‘ಚಿನ್ನ’ ಆಯಿತು. ಅದೇ ಹೆಸರು ನಮ್ಮ ಊರುಗಳಿಗೆ ಬಂದಾಗ ಕನ್ನಡದ ಕಿವಿ ಅದರಲ್ಲಿ ಬಂಗಾರವನ್ನು ಕೇಳಿಸಿಕೊಂಡಿತು. ಚಿಕ್ಕವನು ಎಂಬ ಹೆಸರೇ ಚಿನ್ನದವನು ಎಂದಾಯಿತು. ಹೀಗೆ ಆಗಬೇಕೆಂದು ಯಾರೂ ಯೋಚಿಸಿ ಮಾಡಿದ್ದಲ್ಲ. ಆದರೂ ನನ್ನ ನಂಬಿಕೆಯ ಸಾರವೆಲ್ಲ ಆ ಮೂರಕ್ಷರದಲ್ಲಿದೆ. ಚಿಕ್ಕತನ ಹೋಗಿ ಚಿನ್ನ ಬಂದದ್ದಲ್ಲ. ಚಿಕ್ಕತನವನ್ನು ಕರೆದ ದನಿಯೇ ಅದನ್ನು ಚಿನ್ನ ಮಾಡಿತು. ಆ ಪೌಲರನ್ನೂ ಕೊರಿಂಥದ ಕೆಲವರು, ಪತ್ರ ಬರೆದರೆ ಗಟ್ಟಿ, ಎದುರು ನಿಂತು ಮಾತಾಡಿದರೆ ಏನೂ ಇಲ್ಲ ಎಂದು ಹಳಿದಿದ್ದರು. ತಮ್ಮ ಮೈಯಲ್ಲಿ ಒಂದು ಮುಳ್ಳು ಇದೆಯೆಂದೂ ಅದನ್ನು ತೆಗೆಯಿರೆಂದು ಮೂರು ಸಲ ಬೇಡಿದೆನೆಂದೂ ಅವರೇ ಬರೆದುಕೊಂಡಿದ್ದಾರೆ. ಮುಳ್ಳು ಹೋಗಲಿಲ್ಲ. ಕೃಪೆ ಸಾಕೆಂಬ ಉತ್ತರ ಬಂತು.

ನನಗೂ ಜ್ಞಾನಸ್ನಾನದಲ್ಲಿ ಹೆಸರಿಟ್ಟಾಗ ನಾನು ಕೂಸು. ಒಂದು ಮಾತೂ ಆಡಿರಲಿಲ್ಲ, ಒಂದು ಮಾತೂ ತೊದಲಿರಲಿಲ್ಲ. ತಲೆಯ ಮೇಲೆ ನೀರು ಹೊಯ್ದು, ಹೆಸರು ಹಿಡಿದು ಕರೆದು, ದೇವರ ಮಗು ಅಂದುಬಿಟ್ಟರು. ನನ್ನ ಬೆಲೆ ಯಾವ ಅಂಗಳದಲ್ಲೂ ಕೂಗುವ ಮೊದಲೇ ಗೊತ್ತಾಗಿಹೋಗಿತ್ತು. ಇದನ್ನು ನಾನು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ. ನಂಬಲು ಇಪ್ಪತ್ತೊಂದು ವರ್ಷ ಬೇಕಾಯಿತು.

ಒಂದು ಭಾನುವಾರ ನಮ್ಮ ಧರ್ಮಕೇಂದ್ರದಲ್ಲಿ ಎರಡನೆಯ ವಾಚನ ಓದಬೇಕಾದವರು ಬಂದಿರಲಿಲ್ಲ. ಪೂಜೆಗೆ ಸಿದ್ಧರಾಗಿ ನಿಂತಿದ್ದ ಗುರುಗಳು ನನ್ನನ್ನು ಕರೆದು, “ಇವತ್ತು ನೀನು ಓದು” ಅಂದರು.

“ನನ್ನಿಂದ ಆಗಲ್ಲ ಸ್ವಾಮಿ. ತುಂಬ ಹೊತ್ತಾಗುತ್ತೆ.”

“ಆಗಲಿ. ನಾವು ಕಾಯ್ತೀವಿ.”

ಪುಸ್ತಕ ತೆರೆದಿತ್ತು. ಸಂತ ಪೌಲರು ಬರೆದ ಪತ್ರದಿಂದ ವಾಚನ. ‘ಸಂತ’ ಬಂತು. ‘ಪೌಲ’ ಬರಲಿಲ್ಲ. ತುಟಿ ಅಂಟಿಕೊಂಡಿತು. ನನ್ನ ಮುಂದೆ ಇನ್ನೂರು ಮುಖಗಳು. ಮೇಲೆ ಫ್ಯಾನು ತಿರುಗುವ ಸದ್ದು, ಎಲ್ಲೋ ಒಂದು ಮಗುವಿನ ಅಳು. ನಗು ಬರುತ್ತದೆಂದು ಕಾದೆ. ಬರಲಿಲ್ಲ. ಮುಂದಿನ ಬೆಂಚಿನಲ್ಲಿ ಅಜ್ಜಿಯ ವಾರಗೆಯ ಮುದುಕಿಯೊಬ್ಬಳು ಸೆರಗು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಕೂತಿದ್ದಳು. ಬ್ಯಾರನ್ನಿನ ಬಾಯಲ್ಲಿ ಕೂತ ರಾತ್ರಿಗಳು ನೆನಪಾದವು. ಅಲ್ಲಿ ಎಲ್ಲರೂ ಜೊತೆಗೆ ಹೇಳುತ್ತಿದ್ದರು. ಇಲ್ಲಿ ಎಲ್ಲರೂ ಜೊತೆಗೆ ಕಾಯುತ್ತಿದ್ದರು. ಉಸಿರು ಬಿಟ್ಟೆ. ಉಸಿರಿನ ಜೊತೆ ಆ ಚಿಕ್ಕವನ ಹೆಸರು ಹೊರಗೆ ಬಂತು. ಆಮೇಲೂ ಐದಾರು ಕಡೆ ತಡೆಯಿತು. ತಡೆದಲ್ಲಿ ನಿಂತೆ, ಬಿಟ್ಟಾಗ ಮುಂದೆ ಹೋದೆ. ಕೊನೆಯಲ್ಲಿ ಇಡೀ ಸಭೆ ಒಟ್ಟಿಗೆ ದೇವರಿಗೆ ಕೃತಜ್ಞತೆ ಹೇಳಿದಾಗ ನಾನೂ ಅವರ ಜೊತೆ ಹೇಳಿದೆ.

ಅವತ್ತಿನಿಂದ ತೊದಲು ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಇವತ್ತಿಗೂ ದಣಿದ ದಿನ ಪಕಾರ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಹೋದದ್ದು ಬೇರೆ. ಮಾತು ತಡೆದಾಗ ನಾನೂ ತಡೆದುಹೋದೆ ಎಂಬ ಭಾವನೆ ಹೋಯಿತು. ನಾಲಗೆ ನಿಂತ ಆ ಗಳಿಗೆಯಲ್ಲೂ ನಾನು ಯಾರೋ ಅವನೇ. ಮಣ್ಣೊಳಗಿದ್ದಾಗಲೂ ಅಂತೋಣಪ್ಪನೋರೇ.

ಈಗ ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಊರೊಂದರಲ್ಲಿ ಮೇಷ್ಟರು. ಹಾಡಿಗಳಿಂದ ಜೇನುಕುರುಬರ ಮಕ್ಕಳು ಬರುತ್ತಾರೆ. ಅವರ ಮನೆಯ ನುಡಿ ಬೇರೆ, ಪಾಠದ ಕನ್ನಡ ಬೇರೆ. ಹಾಜರಿ ಕೂಗಿದರೆ ಕೆಲವರು ಉತ್ತರ ಕೊಡುವುದಿಲ್ಲ. ತಾವು ಉತ್ತರ ಕೊಡಬೇಕಾದವರು ಎಂಬುದನ್ನೇ ಇನ್ನೂ ನಂಬಿರುವುದಿಲ್ಲ. ಒಬ್ಬ ಹುಡುಗಿ ಜೂನ್ ತಿಂಗಳಿಡೀ ಬಾಯಿ ಬಿಡಲಿಲ್ಲ. ನಾನು ದಿನವೂ ಅವಳ ಹೆಸರನ್ನು ಪೂರ್ತಿಯಾಗಿ, ನಿಧಾನವಾಗಿ ಕರೆದು, ಅವಳ ಮುಖ ನೋಡಿ, ಕಾದು, ಮುಂದಿನ ಹೆಸರಿಗೆ ಹೋಗುತ್ತಿದ್ದೆ. ಕಬಿನಿಯಲ್ಲಿ ನೀರು ಏರಿ ಮಳೆ ಹಿಡಿದ ದಿನಗಳು. ಒಂದು ಬೆಳಿಗ್ಗೆ ಎದ್ದು ನಿಂತು, “ಇದೀನಿ ಸಾರ್” ಅಂದಳು. ತರಗತಿಯಲ್ಲಿ ನಾನು ಯೇಸು ಸ್ವಾಮಿಯ ಮಾತು ತೆಗೆಯುವುದಿಲ್ಲ. ಅದು ಅದರ ಜಾಗವಲ್ಲ. ಆದರೆ ಹೆಸರು ಹಿಡಿದು ಕರೆದು ಕಾಯುವುದನ್ನು ನಾನು ಎಲ್ಲಿ ಕಲಿತೆ ಎಂಬುದು ನನಗೆ ಗೊತ್ತು.

ಹೋದ ತಿಂಗಳು ಮೈಸೂರಿನಿಂದ ಊರಿಗೆ ಹೊರಟಿದ್ದೆ. ಬಸ್ಸು ತುಂಬಿತ್ತು. ಕಂಡಕ್ಟರು ಯಂತ್ರ ಹಿಡಿದು ಬಂದು, “ಎಲ್ಲಿಗೆ ಸಾರ್?” ಅಂದರು. ಬಾಯಿಗೆ ಮೊದಲು ಬಂದದ್ದು ಹುಣಸೂರೇ. ನುಂಗಿಕೊಂಡೆ. ‘ಪಿ’ ತುಟಿಯ ಮೇಲೆ ನಿಂತಿತು. ಹಿಂದಿನವರು ಚಿಲ್ಲರೆ ಚಾಚುತ್ತಿದ್ದರು. ಕಂಡಕ್ಟರು ನನ್ನನ್ನೇ ನೋಡಿದರು, ಅವಸರ ಮಾಡಲಿಲ್ಲ. ಉಸಿರು ಬಿಟ್ಟೆ.

“ಪಿರಿಯಾಪಟ್ಟಣ. ಒಂದು.”

ಯಂತ್ರ ಚೀಟಿ ಹೊರಹಾಕಿತು. ಊರಿನ ಹೆಸರು ಅದರ ಮೇಲೆ ಪೂರ್ತಿ ಮೂಡಿತ್ತು. ಮಡಿಸಿ, ಜೇಬಿನಲ್ಲಿದ್ದ ಅಜ್ಜಿಯ ಜಪಸರದ ಪಕ್ಕ ಇಟ್ಟುಕೊಂಡೆ. ಹುಣಸೂರಿನಲ್ಲಿ ಬಸ್ಸು ನಿಂತಾಗ ಎಷ್ಟೋ ಜನ ಇಳಿದರು. ನಾನು ಕೂತೇ ಇದ್ದೆ.